ಪೂಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳು: ನೆಲ, ಜನ ಮತ್ತು ಶಾಖದ ವಿನಿಯೋಗ

ಭಾರತದ ಬಿಸಿನೀರಿನ ಬುಗ್ಗೆಗಳ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳು ಹೆಚ್ಚಾಗಿ ತೀರ್ಥಕ್ಷೇತ್ರಗಳ ವರ್ಣನೆಗೆ ಸೀಮಿತವಾಗಿವೆ. ಇದಕ್ಕೆ ಕಾರಣವಿಲ್ಲದಿಲ್ಲ. ಬದರೀನಾಥದ ತಪ್ತಕುಂಡ, ಮಣಿಕರಣ, ರಾಜಗೃಹ, ವಜ್ರೇಶ್ವರಿ ಮೊದಲಾದ ಕಡೆಗಳಲ್ಲಿ ಬುಗ್ಗೆಯ ಪಕ್ಕದಲ್ಲಿಯೇ ದೇವಾಲಯವೋ ಗುರುದ್ವಾರವೋ ವಿಹಾರವೋ ಬೆಳೆದುನಿಂತಿದೆ. ಕರ್ನಾಟಕದಲ್ಲಿ ಈ ಮಾತಿಗೆ ಉದಾಹರಣೆಯಾಗಿ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದ ಬೆಂದ್ರುತೀರ್ಥವನ್ನು ಹೆಸರಿಸಬಹುದು. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಸ್ಥಳನಾಮದಲ್ಲಿಯೇ ಸ್ಥಳದ ಗುಣವಿದೆ. ಆದರೆ ದೇಶದ ಅತ್ಯಂತ ಶಕ್ತಿಶಾಲಿಯಾದ ಬಿಸಿನೀರಿನ ನೆಲೆಯೆಂದು ಭೂವಿಜ್ಞಾನಿಗಳು ಗುರುತಿಸಿರುವ ಪೂಗಾ ಇಂತಹ ಪ್ರಸಿದ್ಧ ಯಾತ್ರಾಸ್ಥಳವಲ್ಲ. ಅದು ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿರುವ, ಕೆಲವೇ ಕುಟುಂಬಗಳು ಋತುಮಾನಕ್ಕೆ ತಕ್ಕಂತೆ ಬಂದು ನೆಲೆಸುವ ಒಂದು ಕಿರಿದಾದ ಕಣಿವೆ.

ಈ ಕಣಿವೆಯ ನಿಸರ್ಗ, ಜನಜೀವನ ಮತ್ತು ಶೋಧದ ಚರಿತ್ರೆಯನ್ನು ಒಟ್ಟಾಗಿ ನೋಡಿ, ನೆಲದೊಳಗಿನ ಶಾಖವು ಯಾರ ಉಪಯೋಗಕ್ಕೆ, ಯಾವ ಕ್ರಮದಲ್ಲಿ ಒದಗಬೇಕು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರಶ್ನೆ ಕೇವಲ ಶಾಸ್ತ್ರೀಯವಾದುದಲ್ಲ. ಚಳಿಗಾಲದಲ್ಲಿ ಉಷ್ಣತೆಯು ಶೂನ್ಯಕ್ಕಿಂತ ಮೂವತ್ತು ಡಿಗ್ರಿಗಳಷ್ಟು ಕೆಳಗಿಳಿಯುವ ಪ್ರದೇಶದಲ್ಲಿ ಶಾಖವೆಂದರೆ ಜೀವವೇ.

ನೆಲೆ ಮತ್ತು ಜನ

ಲೇಹ್ ಪಟ್ಟಣದಿಂದ ಸಿಂಧೂ ನದಿಯ ಗುಂಟ ಆಗ್ನೇಯಕ್ಕೆ ಸಾಗಿದರೆ ಉಪ್ಶಿಯನ್ನು ದಾಟಿ ಚುಮಾಥಾಂಗ್ ಎಂಬ ಚಿಕ್ಕ ಊರು ಸಿಗುತ್ತದೆ. ಇಲ್ಲಿ ನದಿಯ ದಂಡೆಯಲ್ಲಿಯೇ ಬಿಸಿನೀರು ಉಕ್ಕುತ್ತದೆ. ಮತ್ತೂ ಮುಂದೆ ಮಾಹೆ ಎಂಬಲ್ಲಿ ಸಿಂಧೂವನ್ನು ದಾಟಿ ಸುಮ್ದೊ ಮಾರ್ಗವಾಗಿ ಪಶ್ಚಿಮಕ್ಕೆ ತಿರುಗಿದರೆ ಪೂಗಾ ಕಣಿವೆ ತೆರೆದುಕೊಳ್ಳುತ್ತದೆ. ಪೂರ್ವದ ಸುಮ್ದೊದಿಂದ ಪಶ್ಚಿಮದ ಪೊಲೊಕೊಂಕಾ ಲಾ ಕಣಿವೆದಾರಿಯವರೆಗೆ ಇದರ ಉದ್ದ ಸುಮಾರು 15 ಕಿಲೋಮೀಟರ್. ಅಗಲ ಎಲ್ಲಿಯೂ ಒಂದು ಕಿಲೋಮೀಟರನ್ನು ಹೆಚ್ಚು ಮೀರುವುದಿಲ್ಲ. ನಡುವೆ ಹರಿಯುವ ಪೂಗಾ ತೊರೆ ಮುಂದೆ ಸಿಂಧೂವನ್ನು ಸೇರುತ್ತದೆ. ತೊರೆಯ ಇಕ್ಕೆಲಗಳಲ್ಲಿ ಜೌಗುನೆಲ, ಹುಲ್ಲು, ಬಿಸಿನೀರಿನ ಕೊಳಗಳು, ಹಳದಿಬಣ್ಣದ ಗಂಧಕದ ಕಲೆಗಳು ಮತ್ತು ಬಿಳಿಯ ಲವಣದ ಹೊದಿಕೆ ಕಂಡುಬರುತ್ತವೆ.

ಈ ಪ್ರದೇಶವು ರೂಪ್‌ಶು ಎಂದು ಹೆಸರಾದ ಭಾಗಕ್ಕೆ ಸೇರಿದೆ. ಇಲ್ಲಿನ ಜನ ಚಾಂಗ್‌ಪಾಗಳು. ‘ಚಾಂಗ್’ ಎಂದರೆ ಉತ್ತರ, ‘ಥಾಂಗ್’ ಎಂದರೆ ಬಯಲು. ಉತ್ತರದ ಬಯಲಿನವರು ಎಂಬುದು ಅವರ ಹೆಸರಿನ ಅರ್ಥ. ಪಶುಪಾಲನೆಯೇ ಅವರ ಮುಖ್ಯ ವೃತ್ತಿ. ಚಮರೀಮೃಗ, ಕುರಿ ಮತ್ತು ಪಶ್ಮೀನಾ ಉಣ್ಣೆ ನೀಡುವ ಚಾಂಗ್‌ಥಾಂಗಿ ತಳಿಯ ಆಡು ಅವರ ಸಂಪತ್ತು. ಚಮರಿಯ ಕೂದಲಿನಿಂದ ನೇಯ್ದ ‘ರೆಬೊ’ ಎಂಬ ಕಪ್ಪು ಡೇರೆ ಅವರ ಮನೆ. ನಮ್ಮ ದೇವಾಲಯಗಳಲ್ಲಿ ಬೀಸುವ ಚಾಮರದ ಮೂಲವಾದ ಪ್ರಾಣಿ ಇದೇ ಎಂಬುದನ್ನು ಇಲ್ಲಿ ನೆನೆಯಬಹುದು. ಮೇವು ಮತ್ತು ಹಿಮದ ಲೆಕ್ಕಾಚಾರದ ಮೇಲೆ ವರ್ಷದಲ್ಲಿ ಹಲವು ಬಾರಿ ಅವರು ಬಿಡಾರ ಬದಲಿಸುತ್ತಾರೆ. ಬಿಸಿನೀರಿನ ಪ್ರಭಾವದಿಂದ ಪೂಗಾ ತೊರೆಯ ಅಂಚಿನ ನೆಲ ಇತರೆಡೆಗಳಂತೆ ಪೂರ್ಣವಾಗಿ ಹೆಪ್ಪುಗಟ್ಟುವುದಿಲ್ಲ. ನೀರೂ ಹುಲ್ಲೂ ಜೊತೆಯಾಗಿ ದೊರೆಯುವ ಇಂತಹ ನೆಲೆ ಪಶುಪಾಲಕರಿಗೆ ಎಷ್ಟು ಮುಖ್ಯವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

1989ರಲ್ಲಿ ಲಡಾಖಿನ ಇತರ ಸಮುದಾಯಗಳೊಂದಿಗೆ ಚಾಂಗ್‌ಪಾಗಳೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಲೆಮಾರಿ ಕುಟುಂಬಗಳ ಮಕ್ಕಳಿಗಾಗಿ ಪೂಗಾದಲ್ಲಿ ವಸತಿ ಶಾಲೆಯೊಂದಿದೆ. ಹಿರಿಯರು ಮಂದೆಗಳೊಂದಿಗೆ ಚಲಿಸುವಾಗ ಮಕ್ಕಳು ಇಲ್ಲಿ ಉಳಿದು ಓದುತ್ತಾರೆ. ಸಮೀಪದ ಸುಮ್ದೊದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆಯೂ ಇದೆ. 1960ರ ದಶಕದಲ್ಲಿ ಬೈಲುಕುಪ್ಪೆ ಮತ್ತು ಮುಂಡಗೋಡುಗಳಲ್ಲಿ ನೆಲೆ ಕಂಡ ಟಿಬೆಟನ್ನರು ಬೇಸಾಯಗಾರರಾದರೆ, ಚಾಂಗ್‌ಥಾಂಗಿಗೆ ಬಂದವರು ತಮ್ಮ ಹಳೆಯ ಪಶುಪಾಲನೆಯನ್ನೇ ಮುಂದುವರಿಸಿದರು. ಅದೇ ಎತ್ತರ, ಅದೇ ಹುಲ್ಲು, ಅದೇ ಚಳಿ ಇಲ್ಲಿಯೂ ಇದ್ದುದರಿಂದ ಅದು ಸಾಧ್ಯವಾಯಿತು.

ಬಿಸಿನೀರಿಗೆ ಟಿಬೆಟನ್ ಮತ್ತು ಲಡಾಖಿ ಭಾಷೆಗಳಲ್ಲಿ ‘ಚು-ತ್ಸಾನ್’ ಎಂಬ ಹೆಸರಿದೆ. ಸೋವಾ ರಿಗ್ಪಾ ವೈದ್ಯಪದ್ಧತಿಯಲ್ಲಿ ಬಿಸಿನೀರಿನ ಸ್ನಾನಕ್ಕೆ ಚಿಕಿತ್ಸೆಯ ಸ್ಥಾನವಿದೆ. ಈ ಪದ್ಧತಿಗೆ ಭಾರತ ಸರ್ಕಾರ 2010ರಲ್ಲಿ ಕಾನೂನಿನ ಮಾನ್ಯತೆ ನೀಡಿತು. ಕೀಲುನೋವು, ಚರ್ಮರೋಗ ಮೊದಲಾದವುಗಳ ಉಪಶಮನಕ್ಕಾಗಿ ಜನ ಚುಮಾಥಾಂಗಿನ ಬುಗ್ಗೆಗಳಿಗೆ ಬರುವ ರೂಢಿ ಇದೆ. ಹೀಗಾಗಿ ಇಲ್ಲಿನ ಬುಗ್ಗೆಗಳು ಯಾತ್ರಾಸ್ಥಳವಾಗಿ ಪ್ರಸಿದ್ಧವಾಗದಿದ್ದರೂ ಜನಜೀವನದಿಂದ ಹೊರಗುಳಿದವಲ್ಲ.

ನೀರು ಬಿಸಿಯಾಗುವ ಬಗೆ

ಪೂಗಾದಲ್ಲಿ ಬುಗ್ಗೆಗಳ ನೀರಿನ ಉಷ್ಣತೆ ಸುಮಾರು 30ರಿಂದ 84 ಡಿಗ್ರಿ ಸೆಲ್ಸಿಯಸ್‌ವರೆಗೆ ದಾಖಲಾಗಿದೆ. 84 ಡಿಗ್ರಿ ಎಂಬುದು ಕುದಿಯುವ ನೀರಿಗಿಂತ ಕಡಮೆಯೆಂದು ತೋರಬಹುದು. ಆದರೆ ಎತ್ತರ ಹೆಚ್ಚಿದಂತೆ ವಾಯುಭಾರ ತಗ್ಗಿ, ನೀರು ಕಡಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಸ್ಥೂಲವಾಗಿ ಪ್ರತಿ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುವುದರಿಂದ, 4,400 ಮೀಟರ್ ಎತ್ತರದಲ್ಲಿ ಅದು 85 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಪೂಗಾದ ಅತ್ಯಂತ ಬಿಸಿಯಾದ ಬುಗ್ಗೆಗಳಲ್ಲಿ ನೀರು ಕುದಿಯುತ್ತಲೇ ಹೊರಬರುತ್ತಿದೆ ಎಂದು ತಿಳಿಯಬೇಕು. ಹಬೆಯ ಕಂಬಗಳು ದೂರಕ್ಕೆ ಕಾಣುವುದು ಈ ಕಾರಣದಿಂದ.

ಈ ಶಾಖದ ಮೂಲ ಹಿಮಾಲಯದ ಹುಟ್ಟಿನೊಡನೆ ಬೆಸೆದುಕೊಂಡಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು ಏಷ್ಯಾದ ಭೂಫಲಕಕ್ಕೆ ಡಿಕ್ಕಿಹೊಡೆದಾಗ, ನಡುವೆ ಇದ್ದ ಟೆಥಿಸ್ ಸಾಗರ ಮುಚ್ಚಿಹೋಯಿತು. ಎರಡು ಫಲಕಗಳು ಕೂಡಿಕೊಂಡ ರೇಖೆಯನ್ನು ಸಿಂಧೂ ಸಂಧಿವಲಯ ಎಂದು ಕರೆಯುತ್ತಾರೆ. ಪೂಗಾ ಈ ವಲಯದ ದಕ್ಷಿಣದ ಅಂಚಿನಲ್ಲಿದೆ. ಇದರ ನೆರೆಯ ತ್ಸೊ ಮೊರಿರಿ ಪ್ರದೇಶದ ಕೆಲವು ಶಿಲೆಗಳಲ್ಲಿ ಕೋಯೆಸೈಟ್ ಎಂಬ ಖನಿಜ ದೊರೆತಿದೆ. ಅತ್ಯಧಿಕ ಒತ್ತಡದಲ್ಲಿ ಮಾತ್ರ ಇದು ರೂಪುಗೊಳ್ಳುವುದರಿಂದ, ಆ ಶಿಲೆಗಳು ಒಮ್ಮೆ ಬಹು ಆಳಕ್ಕೆ ಇಳಿದು ಮತ್ತೆ ಮೇಲೆದ್ದು ಬಂದಿವೆ ಎಂದು ನಿರ್ಣಯಿಸಲಾಗಿದೆ. ಇಂತಹ ಕಲಕಾಟಕ್ಕೆ ಒಳಗಾದ ನೆಲದಲ್ಲಿ ಸ್ತರಭಂಗಗಳು ಹೇರಳ. ಹಿಮ ಕರಗಿದ ನೀರು ಈ ಬಿರುಕುಗಳ ಮೂಲಕ ಕೆಳಗಿಳಿದು, ಬಿಸಿಯಾದ ಶಿಲೆಗಳ ಸಂಪರ್ಕದಿಂದ ಕಾದು, ಹಗುರವಾಗಿ, ಬೇರೆ ಬಿರುಕುಗಳ ಮೂಲಕ ಮೇಲೇರುತ್ತದೆ. ಬುಗ್ಗೆಯೆಂಬುದು ಈ ದೀರ್ಘ ಪಯಣದ ಕೊನೆಯ ಹಂತ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಕೈಗೊಂಡ ಭೂವಿದ್ಯುತ್ಕಾಂತೀಯ ಅಧ್ಯಯನಗಳು ಕಣಿವೆಯ ಕೆಳಗೆ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವ ವಲಯವೊಂದನ್ನು ತೋರಿಸಿಕೊಟ್ಟಿವೆ. ಬಿಸಿಯಾದ ಲವಣಯುಕ್ತ ದ್ರವವಿರುವ ಕಡೆ ಇಂತಹ ಲಕ್ಷಣ ನಿರೀಕ್ಷಿತ. ನೀರಿನಲ್ಲಿ ಕರಗಿರುವ ವಸ್ತುಗಳ ಪ್ರಮಾಣದಿಂದ ಆಳದ ತಾಪವನ್ನು ಊಹಿಸುವ ರಾಸಾಯನಿಕ ವಿಧಾನಗಳು ಅಲ್ಲಿ 200 ಡಿಗ್ರಿಗೂ ಮೀರಿದ ಉಷ್ಣತೆಯಿದೆಯೆಂದು ಸೂಚಿಸುತ್ತವೆ.

ಈ ಅಂಕಿಗಳ ಅರ್ಥ ಸ್ಪಷ್ಟವಾಗಲು ನಮ್ಮ ನಾಡಿನದೇ ಒಂದು ಹೋಲಿಕೆಯನ್ನು ಗಮನಿಸಬಹುದು. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. 2001ರಲ್ಲಿ ಮುಚ್ಚಿದ ಆ ಗಣಿಗಳ ಅತ್ಯಂತ ಕೆಳಗಿನ ಮಟ್ಟಗಳಲ್ಲಿ ಶಿಲೆಯ ಉಷ್ಣತೆ ಸುಮಾರು 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಪೂಗಾದಲ್ಲಿ ನಾಲ್ಕು ನೂರು ಮೀಟರಿಗಿಂತ ಕಡಮೆ ಆಳದ ಬಾವಿಗಳಲ್ಲಿಯೇ ಇದರ ಎರಡು ಪಟ್ಟಿಗಿಂತ ಹೆಚ್ಚು ತಾಪ ದೊರೆತಿದೆ. ದಖ್ಖನಿನ ಪ್ರಾಚೀನ ಶಿಲೆಗಳು ತಣಿದು ಸ್ಥಿರಗೊಂಡವು. ಹಿಮಾಲಯ ಇನ್ನೂ ತಣಿಯದ ನೆಲ.

ಬಿಳಿಗಾರದ ದಾರಿ

ಪೂಗಾದ ಹೆಸರು ಹೊರಜಗತ್ತಿಗೆ ಮೊದಲು ತಿಳಿದುದು ಶಾಖದ ಮೂಲಕವಲ್ಲ, ಬಿಳಿಗಾರದ ಮೂಲಕ. ಇಲ್ಲಿನ ಬಿಸಿನೀರಿನಲ್ಲಿ ಬೋರಾನ್ ಧಾತು ಹೇರಳವಾಗಿದೆ. ನೀರು ಆವಿಯಾದಾಗ ನೆಲದ ಮೇಲೆ ಬಿಳಿಯ ಲವಣ ಉಳಿಯುತ್ತದೆ. ಇದೇ ಬಿಳಿಗಾರ; ಸಂಸ್ಕೃತದಲ್ಲಿ ಟಂಕಣ. ಚಿನ್ನಬೆಳ್ಳಿಗಳನ್ನು ಬೆಸೆಯುವಾಗ ಅಕ್ಕಸಾಲಿಗರು ಬಳಸುವ ವಸ್ತು. ಲೋಹದ ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪೊರೆಯನ್ನು ಇದು ಕರಗಿಸಿ ಬೆಸುಗೆ ಕೂಡುವಂತೆ ಮಾಡುತ್ತದೆ. ಆಯುರ್ವೇದದ ರಸಶಾಸ್ತ್ರದಲ್ಲಿಯೂ ಟಂಕಣಕ್ಕೆ ಸ್ಥಾನವಿದೆ. ಯುರೋಪಿನ ಭಾಷೆಗಳಲ್ಲಿ ಕಚ್ಚಾ ಬಿಳಿಗಾರಕ್ಕೆ ಬಳಕೆಯಲ್ಲಿದ್ದ ‘ಟಿಂಕಾಲ್’ ಎಂಬ ಪದ ಈ ಸಂಸ್ಕೃತ ಶಬ್ದದಿಂದಲೇ ಹೋದುದೆಂದು ನಿಘಂಟುಕಾರರು ಹೇಳುತ್ತಾರೆ. ಪದವು ಸಾಗಿದ ದಾರಿ ಸರಕು ಸಾಗಿದ ದಾರಿಯೂ ಹೌದು. ಟಿಬೆಟ್ ಮತ್ತು ಲಡಾಖಿನ ಸರೋವರ, ಬುಗ್ಗೆಗಳ ದಂಡೆಯಿಂದ ಕುರಿಯ ಬೆನ್ನಮೇಲಿನ ಚೀಲಗಳಲ್ಲಿ ಹಿಮಾಲಯವನ್ನು ದಾಟಿ ಈ ಲವಣ ಬಯಲುಸೀಮೆಗೆ ಇಳಿಯುತ್ತಿತ್ತು.

1847ರ ಗಡಿ ಆಯೋಗದಲ್ಲಿದ್ದ ಇಬ್ಬರು, ಸಸ್ಯವಿಜ್ಞಾನಿ ಥಾಮಸ್ ಥಾಮ್ಸನ್ ಮತ್ತು ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಕ್ರಮವಾಗಿ 1852 ಮತ್ತು 1854ರಲ್ಲಿ ಪ್ರಕಟವಾದ ತಮ್ಮ ಗ್ರಂಥಗಳಲ್ಲಿ ಪೂಗಾದ ಬಿಳಿಗಾರ ಮತ್ತು ಗಂಧಕವನ್ನು ಪ್ರಸ್ತಾಪಿಸಿದ್ದಾರೆ. ಈ ಕನ್ನಿಂಗ್‌ಹ್ಯಾಮರೇ ಮುಂದೆ ಭಾರತೀಯ ಪುರಾತತ್ತ್ವ ಇಲಾಖೆಯ ಸ್ಥಾಪಕರೆಂದು ಪ್ರಸಿದ್ಧರಾದವರು.

ಇಲ್ಲಿ ಇಟಲಿಯ ಲಾರ್ದೆರೆಲ್ಲೊ ಎಂಬ ಸಣ್ಣ ಊರಿನ ಇತಿಹಾಸ ಹೋಲಿಕೆಗೆ ಯೋಗ್ಯವಾಗಿದೆ. ಟಸ್ಕನಿ ಪ್ರಾಂತ್ಯದ ಆ ಊರಿನ ಬಿಸಿಬುಗ್ಗೆಗಳಲ್ಲಿಯೂ ಬೋರಾನ್ ಇತ್ತು. 1818ರಿಂದ ಫ್ರಾನ್ಸ್ವಾ ದ ಲಾರ್ದೆರೆಲ್ ಅಲ್ಲಿ ಬೋರಿಕ್ ಆಮ್ಲದ ಉದ್ಯಮವನ್ನು ಬೆಳೆಸಿದನು. ನೆಲದ ಶಾಖವನ್ನೇ ನೀರು ಬತ್ತಿಸಲು ಬಳಸಿದುದು ಅವನ ಹೆಚ್ಚುಗಾರಿಕೆ. ಹೀಗೆ ತಯಾರಾದ ಅಗ್ಗದ ಸರಕು, ಮತ್ತು ಅದೇ ಶತಮಾನದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊರೆತ ನಿಕ್ಷೇಪಗಳು, ಹಿಮಾಲಯದ ಬಿಳಿಗಾರದ ಮಾರುಕಟ್ಟೆಯನ್ನು ಕುಗ್ಗಿಸಿದವು. ಲಾರ್ದೆರೆಲ್ಲೊದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1904ರಲ್ಲಿ ಅಲ್ಲಿನ ಹಬೆಯಿಂದ ಐದು ವಿದ್ಯುದ್ದೀಪಗಳನ್ನು ಬೆಳಗಿಸಲಾಯಿತು. 1913ರಲ್ಲಿ 250 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರ ಕೆಲಸ ಆರಂಭಿಸಿತು. ಜಗತ್ತಿನ ಭೂಶಾಖ ವಿದ್ಯುತ್ತಿನ ಆರಂಭ ಅಲ್ಲಿಯೇ. ಬೋರಾನ್, ಬಳಿಕ ಶಾಖ, ಬಳಿಕ ವಿದ್ಯುತ್ತು ಎಂಬ ಈ ಕ್ರಮದಲ್ಲಿ ಪೂಗಾ ಮೊದಲ ಮೆಟ್ಟಿಲಿನಲ್ಲಿಯೇ ಒಂದೂವರೆ ಶತಮಾನ ನಿಂತಿತು.

ಸಮೀಕ್ಷೆಯ ಚರಿತ್ರೆ

ಭಾರತದ ಬಿಸಿಬುಗ್ಗೆಗಳ ಮೊದಲ ವ್ಯವಸ್ಥಿತ ಪಟ್ಟಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಪ್ರಥಮ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮರದು. ಅವರ ಮರಣಾನಂತರ, ಮಗ ಆರ್.ಡಿ. ಓಲ್ಡ್‌ಹ್ಯಾಮ್ ಅದನ್ನು ಸಿದ್ಧಪಡಿಸಿ ಪ್ರಕಟಿಸಿದರು. ದೇಶದಾದ್ಯಂತ ಹರಡಿದ ಸುಮಾರು 300 ಬುಗ್ಗೆಗಳು ಅದರಲ್ಲಿ ಸೇರಿದ್ದವು. ಇದಾದ ಎಂಟು ದಶಕಗಳ ಮೇಲೆ, 1966ರಲ್ಲಿ, ಭಾರತ ಸರ್ಕಾರ ಬಿಸಿಬುಗ್ಗೆಗಳ ಸಮಿತಿಯೊಂದನ್ನು ನೇಮಿಸಿತು. ಶಕ್ತಿಮೂಲವಾಗಿ ಬುಗ್ಗೆಗಳ ಪರಿಶೀಲನೆ ಅಲ್ಲಿಂದ ಆರಂಭವಾಯಿತು. ಸಮಿತಿಯ ಶಿಫಾರಸುಗಳ ಫಲವಾಗಿ 1970ರ ದಶಕದ ಆರಂಭದಲ್ಲಿ ಪೂಗಾದಲ್ಲಿ ಕೊರೆತ ನಡೆಯಿತು.

ಆ ಕಾರ್ಯಕ್ರಮದಲ್ಲಿ ಒಟ್ಟು 34 ಬಾವಿಗಳನ್ನು ಕೊರೆಯಲಾಯಿತು. ಅವುಗಳ ಆಳ 28.5 ಮೀಟರಿನಿಂದ 384.7 ಮೀಟರಿನವರೆಗೆ ಇತ್ತು. ದಾಖಲಾದ ಗರಿಷ್ಠ ತಾಪ ಸುಮಾರು 140 ಡಿಗ್ರಿ. ಹದಿನೇಳು ಬಾವಿಗಳಿಂದ ನೀರು ಮತ್ತು ಹಬೆಯ ಮಿಶ್ರಣ ತಾನಾಗಿಯೇ ಚಿಮ್ಮಿತು; ಅವುಗಳ ಒಟ್ಟು ಪ್ರಮಾಣ ಗಂಟೆಗೆ ಸುಮಾರು 190 ಟನ್. ಪ್ರಾಣವಾಯು ವಿರಳವಾದ ಎತ್ತರದಲ್ಲಿ, ವರ್ಷದ ಕೆಲವೇ ತಿಂಗಳುಗಳಲ್ಲಿ ನಡೆಸಬಹುದಾಗಿದ್ದ ಈ ಕೆಲಸ ಭಾರತೀಯ ಭೂವಿಜ್ಞಾನದ ಸಾಹಸಗಳಲ್ಲಿ ಒಂದು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವು ಇದೇ ಶಾಖವನ್ನು ಬಳಸಿ ಬಿಳಿಗಾರ ಮತ್ತು ಗಂಧಕದ ಶುದ್ಧೀಕರಣವನ್ನು ಪ್ರಯೋಗಾರ್ಥವಾಗಿ ಕೈಗೊಂಡಿತು. ಸಣ್ಣ ಗುಡಿಸಲೊಂದನ್ನು ಬಿಸಿನೀರಿನಿಂದ ಬೆಚ್ಚಗಿಡುವ ಪ್ರಯೋಗವೂ, ಹಸಿರುಮನೆಯಲ್ಲಿ ತರಕಾರಿ ಬೆಳೆಯುವ ಪ್ರಯೋಗವೂ ಯಶಸ್ವಿಯಾದವು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಪ್ರಗತಿ ಕುಂಠಿತವಾಯಿತು. ಹಿಮಾಚಲ ಪ್ರದೇಶದ ಮಣಿಕರಣದಲ್ಲಿ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯ ಸಹಯೋಗದಿಂದ 5 ಕಿಲೋವ್ಯಾಟ್ ಸಾಮರ್ಥ್ಯದ ಪ್ರಾಯೋಗಿಕ ಘಟಕವೊಂದು ನಡೆದುದುಂಟು. ಬಿಸಿನೀರಿನಿಂದ ಕಡಮೆ ಉಷ್ಣತೆಯಲ್ಲಿ ಆವಿಯಾಗುವ ಬೇರೊಂದು ದ್ರವವನ್ನು ಕಾಯಿಸಿ, ಅದರ ಆವಿಯಿಂದ ಚಕ್ರವನ್ನು ತಿರುಗಿಸುವ ವಿಧಾನ ಅದರದು. ವಿಮಾನಶಾಸ್ತ್ರದ ಪ್ರಯೋಗಾಲಯವೊಂದು ಈ ಕಾರ್ಯಕ್ಕೆ ನೆರವಾದುದು ಕರ್ನಾಟಕದ ವಿಜ್ಞಾನಚರಿತ್ರೆಯಲ್ಲಿ ನಮೂದಿಸಬೇಕಾದ ಸಂಗತಿ. ಪೂಗಾದಲ್ಲಿಯಾದರೋ ಅಂತಹ ಘಟಕವೂ ಬರಲಿಲ್ಲ. ಜನವಸತಿ ವಿರಳ, ರಸ್ತೆ ದುರ್ಗಮ, ವಿದ್ಯುತ್ತನ್ನು ಸಾಗಿಸುವ ಜಾಲವಿಲ್ಲ, ಗಡಿಯ ಸಾಮೀಪ್ಯ. ಈ ಕಾರಣಗಳೆಲ್ಲ ಸೇರಿ ಬಾವಿಗಳು ದಾಖಲೆಗಳಲ್ಲಿ ಉಳಿದವು.

ಶಾಖವೋ ವಿದ್ಯುತ್ತೋ

ಪೂಗಾದ ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮೆಗಾವ್ಯಾಟುಗಳ ಲೆಕ್ಕವೇ ಮುಂದೆ ಬರುತ್ತದೆ. ಆದರೆ ಶಾಖವನ್ನು ಶಾಖವಾಗಿಯೇ ಬಳಸುವುದಕ್ಕೂ ಅದನ್ನು ವಿದ್ಯುತ್ತಾಗಿ ಪರಿವರ್ತಿಸುವುದಕ್ಕೂ ಇರುವ ಅಂತರವನ್ನು ಗಮನಿಸುವುದು ಅವಶ್ಯ. ನೂರು, ನೂರೈವತ್ತು ಡಿಗ್ರಿಗಳ ನೀರಿನಿಂದ ವಿದ್ಯುತ್ತು ಪಡೆಯುವಾಗ ಶಾಖದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದು ತಣಿಸುವ ಹಂತದಲ್ಲಿ ಹೊರಹೋಗುತ್ತದೆ. ಇದು ಯಂತ್ರದ ದೋಷವಲ್ಲ, ಉಷ್ಣಚಲನಶಾಸ್ತ್ರದ ನಿಯಮ. ಅದೇ ನೀರನ್ನು ಕೊಳವೆಗಳಲ್ಲಿ ಹರಿಸಿ ಕಟ್ಟಡವನ್ನು ಬೆಚ್ಚಗಿಟ್ಟರೆ ಅದರ ಬಹುಪಾಲು ಶಾಖ ಉಪಯೋಗಕ್ಕೆ ಬರುತ್ತದೆ.

ಒಂದು ಸರಳ ಲೆಕ್ಕವನ್ನು ಮಾಡಬಹುದು. 1970ರ ದಶಕದ ಬಾವಿಗಳಿಂದ ದೊರೆತ ಗಂಟೆಗೆ 190 ಟನ್ ಎಂದರೆ ಸೆಕೆಂಡಿಗೆ ಸುಮಾರು 53 ಕಿಲೋಗ್ರಾಂ. ಈ ನೀರನ್ನು 85 ಡಿಗ್ರಿಯಿಂದ 45 ಡಿಗ್ರಿಗೆ ಇಳಿಸಿದರೆ ಸಿಗುವ ಶಾಖ ಸುಮಾರು 8,800 ಕಿಲೋವ್ಯಾಟ್. ಆಳವಾದ ಹೊಸ ಬಾವಿಗಳಿಲ್ಲದೆ, ಮೇಲ್ಮೈಗೆ ತಾನಾಗಿ ಬಂದ ನೀರಿನಿಂದ, ಹಬೆಯ ಶಾಖವನ್ನು ಲೆಕ್ಕಕ್ಕೆ ಹಿಡಿಯದೆ ದೊರೆಯಬಹುದಾದ ಪ್ರಮಾಣವಿದು. ವಸತಿ ಶಾಲೆ, ಆರೋಗ್ಯ ಕೇಂದ್ರ, ಹಸಿರುಮನೆಗಳು, ಮರಿಗಳನ್ನು ರಕ್ಷಿಸುವ ಕೊಟ್ಟಿಗೆಗಳು ಇವೆಲ್ಲಕ್ಕೂ ಬೇಕಾಗುವುದು ಇದರ ಒಂದು ಅಂಶ ಮಾತ್ರ.

ಇಲ್ಲಿ ಕೊಟ್ಟಿಗೆಯ ಪ್ರಸ್ತಾಪ ಆಕಸ್ಮಿಕವಲ್ಲ. ಪಶ್ಮೀನಾ ಆಡುಗಳು ಚಳಿಗಾಲದ ಕೊನೆಯ ವೇಳೆಗೆ ಮರಿ ಹಾಕುತ್ತವೆ. ಹಿಮ ಹೆಚ್ಚಾಗಿ ಬಿದ್ದ ವರ್ಷ ಮೇವು ಹೂತುಹೋಗಿ ತಾಯಂದಿರು ಸೊರಗುತ್ತವೆ, ಮರಿಗಳು ಸಾಯುತ್ತವೆ. 2012-13ರ ಚಳಿಗಾಲದಲ್ಲಿ ಚಾಂಗ್‌ಥಾಂಗ್ ಇಂತಹ ಭಾರೀ ನಷ್ಟವನ್ನು ಅನುಭವಿಸಿತು. ಮಂದೆಯನ್ನು ಕಳೆದುಕೊಂಡ ಕುಟುಂಬ ಡೇರೆಯನ್ನು ಮಡಿಚಿ ಲೇಹ್ ಪಟ್ಟಣದ ಅಂಚಿಗೆ ಕೂಲಿಗೆ ಹೋಗುತ್ತದೆ. ಕೆಲವು ದಶಕಗಳಿಂದ ಈ ವಲಸೆ ನಡೆಯುತ್ತಲೇ ಇದೆ. ಪಶ್ಮೀನಾ ಶಾಲಿನ ಬೆಲೆ ನಗರಗಳಲ್ಲಿ ಏರುತ್ತಿರುವಾಗಲೇ ಅದರ ಮೂಲದಲ್ಲಿರುವ ಜನ ಕುಗ್ಗುತ್ತಿದ್ದಾರೆ. ಕಾಲಡಿಯಲ್ಲಿ ಕುದಿಯುವ ನೀರಿದ್ದೂ ಸಗಣಿಯ ಬೆರಣಿ ಮತ್ತು ಪೊದೆಗಳ ಬೇರನ್ನು ಉರಿಸಿ ಚಳಿಯನ್ನು ಎದುರಿಸಬೇಕಾದ ಸ್ಥಿತಿ ಅವರದು.

2021ರ ಒಪ್ಪಂದ ಮತ್ತು ಅನಂತರ

2019ರಲ್ಲಿ ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾಯಿತು. 2021ರ ಫೆಬ್ರವರಿ 6ರಂದು ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಶಕ್ತಿ ಕೇಂದ್ರ, ಲಡಾಖ್ ಆಡಳಿತ ಮತ್ತು ಲೇಹಿನ ಸ್ವಾಯತ್ತ ಗುಡ್ಡಗಾಡು ಅಭಿವೃದ್ಧಿ ಮಂಡಲಿ ಇವುಗಳ ನಡುವೆ ತ್ರಿಪಕ್ಷೀಯ ಒಪ್ಪಂದವಾಯಿತು. ಮೊದಲ ಹಂತದಲ್ಲಿ ಒಂದು ಮೆಗಾವ್ಯಾಟ್ ಸಾಮರ್ಥ್ಯದ ಪ್ರಾಯೋಗಿಕ ಸ್ಥಾವರವನ್ನು ಪೂಗಾದಲ್ಲಿ ನಿಲ್ಲಿಸುವುದು ಅದರ ಗುರಿ. ಅರ್ಧ ಶತಮಾನದ ನಂತರ ಕಣಿವೆಗೆ ಮತ್ತೆ ಕೊರೆಯುವ ಯಂತ್ರ ಬಂದಿತು.

2022ರ ಆಗಸ್ಟಿನಲ್ಲಿ ಕೊರೆತದ ವೇಳೆ ಅಧಿಕ ಒತ್ತಡದ ದ್ರವ ಹೊರಚಿಮ್ಮಿ ಪೂಗಾ ತೊರೆಯನ್ನು ಸೇರಿತು. ಕೆಲಸವನ್ನು ನಿಲ್ಲಿಸಬೇಕಾಯಿತು. ಬಳಿಕ ಯೋಜನೆಯನ್ನು ಹೆಚ್ಚಿನ ಎಚ್ಚರದೊಂದಿಗೆ ಮುಂದುವರಿಸುವ ಪ್ರಯತ್ನಗಳು ನಡೆದಿವೆ. ಈ ಘಟನೆಯನ್ನು ಕೇವಲ ಅಪಘಾತವೆಂದು ಬದಿಗಿಡುವಂತಿಲ್ಲ. ಪೂಗಾದ ಆಳದ ನೀರಿನಲ್ಲಿ ಬೋರಾನ್, ಫ್ಲೋರೈಡ್ ಮೊದಲಾದವು ಅಧಿಕ ಪ್ರಮಾಣದಲ್ಲಿವೆ. ಬುಗ್ಗೆಗಳಿಂದ ನಿಧಾನವಾಗಿ ಬರುವ ನೀರಿಗೆ ಕಣಿವೆಯ ಸಸ್ಯವರ್ಗ ಹೊಂದಿಕೊಂಡಿರಬಹುದು. ಒಮ್ಮೆಲೇ ನುಗ್ಗುವ ನೀರಿಗೆ ಹೊಂದಿಕೊಳ್ಳಲಾರದು. ತೊರೆಯ ಕೆಳಭಾಗದಲ್ಲಿ ಸಿಂಧೂ ಇದೆ.

ಇದಲ್ಲದೆ ಈ ಜೌಗುನೆಲ ಕಪ್ಪು ಕತ್ತಿನ ಕ್ರೌಂಚಪಕ್ಷಿಗಳು ಮರಿಮಾಡುವ ತಾಣಗಳಲ್ಲಿ ಒಂದು. ಭಾರತದಲ್ಲಿ ಈ ಪಕ್ಷಿಯ ಸಂತಾನಾಭಿವೃದ್ಧಿ ನಡೆಯುವುದು ಪೂರ್ವ ಲಡಾಖಿನಲ್ಲಿ. ಲಡಾಖ್ ಇದನ್ನು ತನ್ನ ಪ್ರಾದೇಶಿಕ ಪಕ್ಷಿಯಾಗಿ ಅಂಗೀಕರಿಸಿದೆ. ನೆರೆಯ ತ್ಸೊ ಮೊರಿರಿ ಸರೋವರ 2002ರಲ್ಲಿಯೂ ತ್ಸೊ ಕಾರ್ 2020ರಲ್ಲಿಯೂ ಅಂತರರಾಷ್ಟ್ರೀಯ ಪ್ರಾಮುಖ್ಯದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿವೆ.

ನ್ಯೂಜಿಲೆಂಡಿನ ಅನುಭವ ಇಲ್ಲಿ ಪಾಠವಾಗಬಲ್ಲದು. ವೈರಾಕೆಯಲ್ಲಿ 1958ರಲ್ಲಿ ಭೂಶಾಖ ಸ್ಥಾವರ ಆರಂಭವಾದ ಬಳಿಕ ಸಮೀಪದ ಚಿಮ್ಮುಬುಗ್ಗೆಗಳ ಕಣಿವೆ ಬತ್ತಿಹೋಯಿತು. ರೊಟೊರುವಾದಲ್ಲಿ ಮನೆಮನೆಯವರೂ ಬಾವಿ ಕೊರೆದು ಶಾಖವನ್ನು ಸೆಳೆದುದರಿಂದ, ಮಾವೋರಿ ಜನರ ಫಾಕರೆವರೆವಾ ಹಳ್ಳಿಯ ಬುಗ್ಗೆಗಳು ಸೊರಗತೊಡಗಿದವು. 1980ರ ದಶಕದ ಉತ್ತರಾರ್ಧದಲ್ಲಿ ಸರ್ಕಾರ ಮುಖ್ಯ ಬುಗ್ಗೆಯಿಂದ ಒಂದೂವರೆ ಕಿಲೋಮೀಟರ್ ತ್ರಿಜ್ಯದೊಳಗಿನ ಬಾವಿಗಳನ್ನು ಮುಚ್ಚಿಸಿತು. ಬುಗ್ಗೆಗಳು ಕ್ರಮೇಣ ಚೇತರಿಸಿಕೊಂಡವು. ಎರಡು ಸಂಗತಿಗಳು ಇದರಿಂದ ಸಿದ್ಧವಾಗುತ್ತವೆ. ಮೇಲಿನ ಬುಗ್ಗೆಯೂ ಕೆಳಗಿನ ಸಂಗ್ರಹವೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಮತ್ತು ಸಕಾಲದಲ್ಲಿ ಕೈ ಹಿಡಿದರೆ ಹಾನಿಯನ್ನು ಸರಿಪಡಿಸಬಹುದು. ಬಳಸಿದ ನೀರನ್ನು ತೊರೆಗೆ ಬಿಡದೆ ಮರಳಿ ಆಳಕ್ಕೆ ಸೇರಿಸುವ ಕ್ರಮ ಇಂದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಒತ್ತಡವನ್ನು ಕಾಯ್ದುಕೊಳ್ಳುವುದೂ ಮಾಲಿನ್ಯವನ್ನು ತಡೆಯುವುದೂ ಇದರಿಂದ ಒಟ್ಟಿಗೆ ಸಾಧ್ಯವಾಗುತ್ತವೆ. ಪೂಗಾದಂತಹ ಕಡೆ ಇದು ಐಚ್ಛಿಕ ಅಂಶವಾಗಿರದೆ ಯೋಜನೆಯ ಮೊದಲ ಷರತ್ತಾಗಬೇಕು.

2022ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಪ್ರಕಟಿಸಿದ ಪರಿಷ್ಕೃತ ಭೂಶಾಖ ನಕ್ಷಾಸಂಪುಟದಲ್ಲಿ ದೇಶದ 381 ಬಿಸಿನೀರಿನ ನೆಲೆಗಳಿವೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಭೂಶಾಖ ನೀತಿಯನ್ನು ಪ್ರಕಟಿಸಿತು. ವಿದ್ಯುತ್ತಿನ ಜೊತೆಗೆ ಶಾಖದ ನೇರ ಬಳಕೆಯೂ ಅದರ ವ್ಯಾಪ್ತಿಯಲ್ಲಿ ಸೇರಿರುವುದು ಸ್ವಾಗತಾರ್ಹ. ಪೂಗಾದ ಒಂದು ಕಣಿವೆಯಲ್ಲಿ ಆಗುವ ಸರಿತಪ್ಪುಗಳು ಉಳಿದ ನೆಲೆಗಳಿಗೆ ಮಾದರಿಯಾಗುತ್ತವೆ ಎಂಬ ಕಾರಣದಿಂದ ಇಲ್ಲಿನ ಪ್ರಯೋಗಕ್ಕೆ ಸ್ಥಳೀಯ ಮಹತ್ತ್ವಕ್ಕಿಂತ ಹೆಚ್ಚಿನ ತೂಕವಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಪೂಗಾ ಜನರಿಲ್ಲದ ಬರಡು ಕಣಿವೆಯಲ್ಲ. ವರ್ಷದ ಕೆಲವು ತಿಂಗಳು ಡೇರೆಗಳಿಲ್ಲದಿರುವುದನ್ನೇ ನೋಡಿ ಅದನ್ನು ಖಾಲಿ ನೆಲವೆಂದು ಭಾವಿಸುವುದು, ಬೇಸಾಯದ ನಾಡಿನಿಂದ ಬಂದವರು ಪಶುಪಾಲಕರ ನೆಲದ ಬಗ್ಗೆ ಮಾಡುವ ಸಾಮಾನ್ಯ ತಪ್ಪು. ಹಿಂದಿರುಗಿ ಬರುವ ಹಕ್ಕು ಅಲ್ಲಿ ನೆಲೆಸಿರುವ ಹಕ್ಕಿನಷ್ಟೇ ಗಟ್ಟಿಯಾದುದು.

ಎರಡನೆಯದಾಗಿ, ವಿದ್ಯುತ್ತು ಬೇಡವೆಂಬುದು ಈ ಲೇಖನದ ವಾದವಲ್ಲ. ಡೀಸೆಲ್ಲನ್ನು ನೂರಾರು ಕಿಲೋಮೀಟರ್ ದೂರದಿಂದ ಹೊತ್ತು ತರಬೇಕಾದ ಗಡಿನಾಡಿನಲ್ಲಿ ಹಗಲಿರುಳೂ ಋತುಭೇದವಿಲ್ಲದೆ ದೊರೆಯುವ ವಿದ್ಯುತ್ತಿನ ಬೆಲೆ ಬಹಳ ದೊಡ್ಡದು. ಸೂರ್ಯನ ಬೆಳಕು ರಾತ್ರಿ ದೊರೆಯದು, ಹಿಮನದಿಯ ತೊರೆ ಚಳಿಗಾಲದಲ್ಲಿ ಹರಿಯದು, ನೆಲದ ಶಾಖ ಮಾತ್ರ ಸದಾ ಇರುತ್ತದೆ. ಆದರೆ ಒಂದೇ ಬಾವಿಯ ನೀರು ಮೊದಲು ಚಕ್ರವನ್ನು ತಿರುಗಿಸಿ, ಅನಂತರ ಶಾಲೆಯನ್ನೂ ಕೊಟ್ಟಿಗೆಯನ್ನೂ ಬೆಚ್ಚಗಿಟ್ಟು, ಕೊನೆಗೆ ಆಳಕ್ಕೆ ಮರಳುವಂತೆ ಯೋಜಿಸಲು ಸಾಧ್ಯವಿದೆ. ವಿದ್ಯುತ್ತು ಹೊರಗಿನ ಜಾಲಕ್ಕೆ ಹೋಗಿ ಶಾಖವು ವ್ಯರ್ಥವಾಗಿ ಗಾಳಿಗೆ ಸೇರುವ ಯೋಜನೆ ತಾಂತ್ರಿಕವಾಗಿ ಯಶಸ್ವಿಯೆನಿಸಿದರೂ ನ್ಯಾಯವೆನಿಸಲಾರದು.

ಮೂರನೆಯದಾಗಿ, ದೂರದ ಜ್ಞಾನಕೇಂದ್ರಗಳಿಗೆ ಈ ಪ್ರಸ್ಥಭೂಮಿಯೊಡನೆ ಹಳೆಯ ಸಂಬಂಧವಿದೆ. ಇದೇ ಚಾಂಗ್‌ಥಾಂಗಿನ ಹಾನ್ಲೆಯಲ್ಲಿರುವ ಭಾರತೀಯ ಖಗೋಳ ವೀಕ್ಷಣಾಲಯವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತಿದ್ದು, ಅಲ್ಲಿನ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಿಯಂತ್ರಿಸಲಾಗುತ್ತದೆ. ಮೇಲಿನ ಆಕಾಶವನ್ನು ಅರಿಯಲು ಸಾಧ್ಯವಾದ ಸಹಕಾರ ಕೆಳಗಿನ ನೆಲವನ್ನು ಅರಿಯಲೂ ಒದಗಬಹುದು. ಬುಗ್ಗೆಗಳ ಉಷ್ಣತೆ, ಹರಿವು ಮತ್ತು ರಾಸಾಯನಿಕ ಗುಣಗಳನ್ನು ವರ್ಷಪೂರ್ತಿ ಅಳೆದು ದಾಖಲಿಸುವ ವ್ಯವಸ್ಥೆ, ಮತ್ತು ಚಾಂಗ್‌ಪಾ ಹಿರಿಯರಲ್ಲಿ ಉಳಿದಿರುವ ಸ್ಥಳಜ್ಞಾನದ ಸಂಗ್ರಹ, ಇವೆರಡೂ ಕೊರೆತಕ್ಕಿಂತ ಮೊದಲು ಆಗಬೇಕಾದ ಕೆಲಸಗಳು. ಬುಗ್ಗೆಯ ಇಂದಿನ ಸ್ಥಿತಿ ದಾಖಲಾಗದಿದ್ದರೆ ನಾಳೆ ಅದು ಕುಗ್ಗಿತೋ ಇಲ್ಲವೋ ಎಂಬುದನ್ನು ಯಾರೂ ಹೇಳಲಾರರು. ಈ ಮಾತು ಪೂಗಾಕ್ಕೆ ಅನ್ವಯಿಸುವಂತೆಯೇ ನಮ್ಮ ಇರ್ದೆಯ ಬೆಂದ್ರುತೀರ್ಥಕ್ಕೂ ಅನ್ವಯಿಸುತ್ತದೆ.